ಕಿರೀಟದ ಕೆಳಗಿನ ಲಕೋಟೆ

ಮೇ 5, ಸೋಮವಾರ

ಮಗ ಗಿಲ್‌ನ ಮಾಜಿ ಹೆಂಡತಿ ಒಡೇಟ್ ಇವತ್ತು ಮನೆಯೊಳಗೆ ಬಂದಿದ್ದಳು. ವಿಚ್ಛೇದನವಾಗಿ ಚಳಿಗಾಲವೊಂದು ಕಳೆದಿದ್ದರೂ ಈಗಲೂ ಬಾಯಿತುಂಬ ಅತ್ತೆ ಅನ್ನುತ್ತಾಳೆ. ಅನ್ನಲಿ. ನಾನು ಬೇಡ ಅಂದಿಲ್ಲ.

ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಲೀಡಿಯ ನನ್ನ ಹತ್ತಿರ ಇರುತ್ತಾಳೆ. ಅವಳಮ್ಮ ಕೆಲಸ ಮುಗಿಸಿ ಬಂದು ಬೀದಿಯಲ್ಲೇ ಹಾರ್ನ್ ಹೊಡೆಯುತ್ತಾಳೆ, ಹುಡುಗಿ ಓಡುತ್ತಾಳೆ. ಇವತ್ತು ಮಾತ್ರ ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದಳು.

"ಅತ್ತೆ, ನಿಮ್ಮಿಂದ ಒಂದು ಸಹಾಯ ಆಗ್ಬೇಕು."

"ಹೇಳು."

"ನನ್ನ ಹೆಸರಿಗೆ ತೆರಿಗೆ ಆಫೀಸಿಂದ ಒಂದು ಲಕೋಟೆ ಬರತ್ತೆ. ಇಲ್ಲಿಗೇ ಬರತ್ತೆ. ಬಂದ ತಕ್ಷಣ ಒಂದು ಫೋನ್ ಮಾಡ್ತೀರಾ?"

"ನೀನಿರೋದು ಬೇರೆ ಬೀದೀಲಿ. ಇಲ್ಲಿಗ್ಯಾಕೆ ಬರತ್ತೆ?"

ಗಂಡಹೆಂಡತಿಯಾಗಿದ್ದಾಗ ಇಬ್ಬರೂ ಸೇರಿ ಸಲ್ಲಿಸಿದ ಹಿಂದಿನ ವರ್ಷಗಳ ತೆರಿಗೆ ಲೆಕ್ಕದ ಪ್ರತಿ ಬೇಕಂತೆ. ಮನೆಯಲ್ಲಿದ್ದ ಪ್ರತಿಗಳು ನೆಲಮಾಳಿಗೆಗೆ ನೀರು ನುಗ್ಗಿದಾಗ ಮುದ್ದೆಯಾಗಿ ಹೋದವು. ಲೆಕ್ಕ ಬರೆದುಕೊಡುತ್ತಿದ್ದ ಮುದುಕ ತೀರಿಕೊಂಡು ಅಂಗಡಿ ಮುಚ್ಚಿತು. ಕಂಪ್ಯೂಟರಿನಲ್ಲಿ ತೆಗೆಯಲು ಹೋದರೆ ಅವಳ ಫೋನು ಇನ್ನೂ ಗಿಲ್ ಹೆಸರಿನಲ್ಲಿದೆ, ಅದಕ್ಕೆ ಆಗಲಿಲ್ಲ. ಕೊನೆಗೆ ಆಫೀಸಿಗೇ ಫೋನ್ ಮಾಡಿದ್ದಾಳೆ. ಆ ಲೆಕ್ಕದ ಮೇಲೆ ಅವಳ ಸಹಿಯೂ ಇರುವುದರಿಂದ ಗಂಡನನ್ನು ಕೇಳಬೇಕಾಗಿಲ್ಲ, ಅವಳಿಗೇ ಕೊಡುತ್ತಾರಂತೆ. ಆದರೆ ಕಳಿಸುವುದು ತಮ್ಮ ದಾಖಲೆಯಲ್ಲಿರುವ ವಿಳಾಸಕ್ಕೆ ಮಾತ್ರ. ಅವಳ ಹೊಸ ವಿಳಾಸ ಇನ್ನೂ ಅಲ್ಲಿಗೆ ಏರಿಲ್ಲ.

"ಯಾತಕ್ಕೆ ಬೇಕು ಅದು?" ಅಂದೆ.

ಅವಳು ಬಾಯಿ ತೆರೆಯುವ ಮೊದಲೇ ಲೀಡಿಯ ಹೇಳಿಬಿಟ್ಟಳು: "ಅಜ್ಜಿ, ನಾವು ಮನೆ ತಗೋತಿದೀವಿ! ಹಿಂದೆ ಚೆರ್ರಿ ಮರ ಇದೆ!"

ಬ್ರಾಕ್ಟನ್‌ನಲ್ಲಂತೆ. ಅಲ್ಲಿನ ಆಸ್ಪತ್ರೆಯಲ್ಲಿ ಅವಳಿಗೆ ಒಳ್ಳೆಯ ಕೆಲಸ ಸಿಕ್ಕಿದೆ. ಬ್ಯಾಂಕಿನವರು ಸಾಲ ಕೊಡುವ ಮುಂಚೆ ಹಳೆಯ ತೆರಿಗೆ ಲೆಕ್ಕ ನೋಡಬೇಕು, ಮೇ ತಿಂಗಳು ಮುಗಿಯುವುದರೊಳಗೆ ಕೊಡದಿದ್ದರೆ ಮನೆಯ ಮಾಲೀಕರು ಬೇರೆಯವರಿಗೆ ಮಾರುತ್ತಾರೆ.

ಬ್ರಾಕ್ಟನ್‌ಗೆ ಹೋಗಬೇಕಾದರೆ ಹೆದ್ದಾರಿ ಹಿಡಿಯಬೇಕು. ಹೆದ್ದಾರಿಯಲ್ಲಿ ನಾನು ಕಾರು ಓಡಿಸುವುದಿಲ್ಲ. ಇದು ಅವಳಿಗೂ ಚೆನ್ನಾಗಿ ಗೊತ್ತು.

"ಬಂದರೆ ಹೇಳ್ತೀನಿ" ಅಂದೆ.

ಮೇ 8, ಗುರುವಾರ

ಅವಳು ಡಬ್ಬಿಯಲ್ಲಿ ಕೇಲ್ ಸೊಪ್ಪಿನ ಸೂಪು ಕಳಿಸಿದ್ದಳು. ಲೀಡಿಯಳ ಕೈಯಲ್ಲಿ ಖಾಲಿ ಡಬ್ಬಿ ವಾಪಸು ಕೊಟ್ಟು, ಉಪ್ಪು ಕಡಿಮೆ ಎಂದು ಅಮ್ಮನಿಗೆ ಹೇಳು ಅಂದೆ. ಈ ಮನೆಯ ನಡುವಿನ ಅಂತಸ್ತಿನಲ್ಲಿ ಅಷ್ಟು ವರ್ಷ ಇದ್ದಳು, ಅಷ್ಟೂ ವರ್ಷ ಹೇಳಿದೆ. ಕಲಿಯಲಿಲ್ಲ.

ಮೇ 13, ಮಂಗಳವಾರ

ಬಂತು.

ಮೂರಂತಸ್ತಿನ ಈ ಮನೆಗೆ ಬೀದಿ ಬಾಗಿಲು ಒಂದೇ, ಅದರಲ್ಲಿ ಕಾಗದ ಬೀಳುವ ಕಿಂಡಿಯೂ ಒಂದೇ. ಕೆಳಗೆ ನಾನು, ನಡುವೆ ಗಿಲ್, ಮೇಲೆ ಬಾಡಿಗೆಯವರು. ಯಾರ ಕಾಗದವಾದರೂ ಮೊದಲು ನನ್ನ ಕೈಗೆ ಬರಬೇಕು. ನಾನು ಬೇರೆ ಬೇರೆ ಮಾಡಿ ಮೆಟ್ಟಿಲ ಮೇಲೆ ಇಡುತ್ತೇನೆ, ಅವರವರು ಎತ್ತಿಕೊಳ್ಳುತ್ತಾರೆ. ನನ್ನವರು ಹತ್ತಿ ಗಿರಣಿಯಲ್ಲಿ ದುಡಿದು ಮನೆ ಕೊಂಡ ದಿನದಿಂದ ಇದೇ ಪದ್ಧತಿ.

ಲಕೋಟೆಯ ಮೇಲೆ ಇಬ್ಬರ ಹೆಸರೂ ಇದೆ. ಗಿಲ್ಬೆರ್ಟೊ ಮತ್ತು ಒಡೇಟ್ ಬೆಟನ್‌ಕೋರ್ಟ್. ತೆರಿಗೆಯವರ ಲೆಕ್ಕದಲ್ಲಿ ಇವರು ಇನ್ನೂ ಗಂಡಹೆಂಡತಿ. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತ ನಿಂತೆ.

ನನ್ನ ಮಗನ ಹೆಸರೂ ಇದೆ ಎಂದ ಮೇಲೆ ಇದು ಅವನದ್ದೂ ಹೌದು. ಅವನನ್ನು ಕೇಳದೆ ಕೊಡುವುದು ಸರಿಯಲ್ಲ. ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಮೇ 14, ಬುಧವಾರ

ಗಿಲ್‌ನನ್ನು ಕೇಳಲಿಲ್ಲ. ಅವನೇ ಕೇಳಿದ.

"ಅಮ್ಮಾ, ಒಡೇಟ್‌ದೊಂದು ಕಾಗದ ಬರ್ಬೇಕಿತ್ತಲ್ಲ, ಬಂತಾ?"

"ನಿನಗ್ಯಾಕೆ ಆ ಉಸಾಬರಿ? ಬೇಡ ಅಂತ ಕೋರ್ಟಲ್ಲಿ ಸಹಿ ಹಾಕಿ ಬಂದೆಯಲ್ಲ."

"ನಾನೊಬ್ಬನೇ ಅಲ್ಲಮ್ಮ, ಇಬ್ಬರೂ ಹಾಕಿದ್ವಿ."

"ಅದನ್ನೇ ನಾನೂ ಹೇಳಿದ್ದು."

ಅವನು ತಲೆ ತಗ್ಗಿಸಿ ಮೇಲೆ ಹೋದ. ಅಪ್ಪನ ಹಾಗೇ. ವಾದ ಮಾಡುವವರಲ್ಲ.

ಮೇ 17, ಶನಿವಾರ

ನಾಳೆ ಪವಿತ್ರಾತ್ಮದ ಕಿರೀಟ ನನ್ನ ಮನೆಗೆ ಬರುತ್ತದೆ. ಸಮುದ್ರದಾಚೆಯ ನಮ್ಮ ದ್ವೀಪದಿಂದ ಬಂದ ಪದ್ಧತಿ: ಪೆಂತೆಕೋಸ್ತ ಹಬ್ಬದ ತನಕ ಬೆಳ್ಳಿಯ ಕಿರೀಟ ವಾರಕ್ಕೊಂದು ಮನೆಯಲ್ಲಿರುತ್ತದೆ, ದಿನಾ ಅದರ ಮುಂದೆ ಜಪ. ಹೋದ ವರ್ಷ ಚೀಟಿ ಎತ್ತಿದಾಗ ಈ ವಾರ ನನ್ನ ಪಾಲಿಗೆ ಬಂದಿತ್ತು. ನಮ್ಮ ಊರು ಫಾಲ್ ರಿವರಿನಲ್ಲಿ ಇದಕ್ಕಾಗಿ ಹತ್ತಾರು ವರ್ಷ ಕಾದವರಿದ್ದಾರೆ. ಮುಂದಿನ ಕೋಣೆಯ ಸಾಮಾನೆಲ್ಲ ಹೊರಗೆ ಸಾಗಿಸಿ, ಗಿಲ್ ಮೆಟ್ಟಿಲು ಮೆಟ್ಟಿಲಾಗಿ ಪೀಠ ಕಟ್ಟಿದ. ನಾನು ಬಿಳಿ ಬಟ್ಟೆ ಹಾಸಿದೆ. ಬಟ್ಟೆಯಂಚಿನ ಕಸೂತಿ ಒಡೇಟ್ ಹಾಕಿದ್ದು, ಲೀಡಿಯ ಹೊಟ್ಟೆಯಲ್ಲಿದ್ದಾಗ. ಗಂಜಿ ಹಾಕಿ ಇಸ್ತ್ರಿ ಮಾಡುವ ಕೆಲಸವೂ ಯಾವಾಗಲೂ ಅವಳದ್ದೇ. ಈ ಸಲ ನಾನೇ ಮಾಡಿದೆ. ಒಂದು ಕಡೆ ಸುಕ್ಕು ಉಳಿದಿದೆ.

ವಾರವಿಡೀ ಊರಿನ ಹೆಂಗಸರು ನನ್ನ ಅಡುಗೆಮನೆಯಲ್ಲಿ ಓಡಾಡುತ್ತಾರೆ, ಡ್ರಾಯರನ್ನೆಲ್ಲ ಎಳೆದು ನೋಡುತ್ತಾರೆ. ಲಕೋಟೆಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಪೀಠದ ತುದಿಯ ಮೆಟ್ಟಿಲಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ಅದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಸೋಮವಾರ ಕೊಟ್ಟುಬಿಡುತ್ತೇನೆ.

ಮೇ 18, ಭಾನುವಾರ

ಕಿರೀಟ ಬಂತು. ಬ್ಯಾಂಡಿನವರು ಬೀದಿಯ ತುದಿಯಿಂದ ಬಾರಿಸುತ್ತ ಬಂದರು. ಬಾಡಿಗೆಯವರೂ ಕೆಳಗಿಳಿದು ನಿಂತಿದ್ದರು. ನನ್ನ ಕೈಯಿಂದಲೇ ಪೀಠದ ತುದಿಯಲ್ಲಿಟ್ಟೆ, ಬೆಳ್ಳಿಯ ತಟ್ಟೆಯ ಸಮೇತ.

ಎಲ್ಲರೂ ಹೊಗಳಿದರು. ನಿನ್ನವರು ಇದ್ದಿದ್ದರೆ ಎಂದು ಗೆಳತಿ ಆಲ್ಡಾ ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಕೋಣೆಯಲ್ಲಿ ಸೆಕೆ ಹೆಚ್ಚು.

ಮೇ 20, ಮಂಗಳವಾರ

ಸೋಮವಾರ ಆಗಲಿಲ್ಲ. ಕಿರೀಟವನ್ನು ಎತ್ತದೆ ಲಕೋಟೆ ತೆಗೆಯಲಾಗುವುದಿಲ್ಲ. ವಾರ ಮುಗಿಯುವ ತನಕ ಅದನ್ನು ಕದಲಿಸುವ ಹಾಗಿಲ್ಲ. ಇಡುವಾಗ ಇದು ಹೊಳೆದಿರಲಿಲ್ಲ.

ಹೊಳೆದಿತ್ತೋ ಏನೋ.

ಮೇ 22, ಗುರುವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಜಪಮಾಲೆಗೆ ಸುಮಾರು ಮೂವತ್ತು ಜನ. ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿ, ಒಡೇಟ್ ಬಂದು ಮಂಡಿಯೂರಿದಳು. ಪಕ್ಕದಲ್ಲಿ ಲೀಡಿಯ. ಹೆಂಗಸರು ತಿರುಗಿ ತಿರುಗಿ ನೋಡಿದರು. ಬರುವ ಹಕ್ಕು ಅವಳಿಗಿದೆ, ಕಿರೀಟ ಇರುವ ಮನೆಯ ಬಾಗಿಲು ಯಾರಿಗೂ ಹಾಕುವುದಿಲ್ಲ.

ಜಪ ಮುಗಿದು ಸಿಹಿ ಬ್ರೆಡ್ಡು ಹಂಚುತ್ತಿರುವಾಗ ಆಲ್ಡಾ ಪೀಠದ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಏನೇ ಹೆರ್ಮೀನಿಯಾ, ಕಿರೀಟ ವಾಲಿದೆಯಲ್ಲೇ!"

"ನಿನ್ನ ಕಣ್ಣು ವಾಲಿರ್ಬೇಕು."

"ನನ್ನ ಕಣ್ಣಿಗೆ ಹೋದ ತಿಂಗಳು ಆಪರೇಷನ್ ಆಗಿದೆ ಕಣೇ, ಹದ್ದಿನ ಥರ ಕಾಣ್ಸತ್ತೆ. ಕೆಳಗೆ ಬಟ್ಟೆ ಮಡಿಸಿಕೊಂಡಿದೆ ನೋಡು. ತಡಿ, ಸರಿ ಮಾಡ್ತೀನಿ."

"ಮುಟ್ಟಬೇಡ!"

ಮೂಲೆಯಲ್ಲಿ ಯಾರೋ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದರು.

"ಈ ವಾರ ನನ್ನದು" ಅಂದೆ. "ಮುಂದಿನ ವರ್ಷ ನಿನಗೆ ಚೀಟಿ ಬಂದರೆ ನಿನ್ನ ಮನೇಲಿ ನೆಟ್ಟಗೆ ಇಟ್ಕೋ."

"ಅಬ್ಬಬ್ಬಾ! ಮಹಾರಾಣಿಯವರೇ, ಕ್ಷಮಿಸಿ" ಎಂದಳು ಆಲ್ಡಾ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜನ ಕರಗಿದ ಮೇಲೆ ಒಡೇಟ್ ಹತ್ತಿರ ಬಂದಳು. ದನಿ ತಗ್ಗಿಸಿ ಕೇಳಿದಳು.

"ಅತ್ತೆ, ಆ ಲಕೋಟೆ ಬರ್ಲಿಲ್ವಾ?"

ಅವಳ ಹಿಂದೆ ಕಿರೀಟ. ಅದರ ತುದಿಯ ಬೆಳ್ಳಿ ಪಾರಿವಾಳ ನನ್ನ ಕಡೆಗೇ ಮುಖ ಮಾಡಿತ್ತು.

"ಬಂದಿಲ್ಲ."

ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ಬೇಜಾರು ಮಾಡ್ಕೋಬೇಡಿ ಅತ್ತೆ. ಒಂದು ಗಳಿಗೆ ನಿಮ್ಮ ಮೇಲೇ ಅನುಮಾನ ಬಂದಿತ್ತು ನಂಗೆ. ಅದಕ್ಕೇ ಇಲ್ಲಿ, ಕಿರೀಟದ ಮುಂದೇನೇ ಕೇಳೋಣ ಅಂತ ಬಂದೆ. ನೀವು ಇಲ್ಲಿ ನಿಂತು ಹೇಳಿದ ಮೇಲೆ ಮುಗೀತು. ನನ್ನ ಬುದ್ಧಿಗಿಷ್ಟು!" ಎಂದು ನನ್ನ ಕೈ ಹಿಡಿದುಕೊಂಡಳು. "ಇನ್ನೊಂದು ಸಲ ತರಿಸ್ತೀನಿ. ಬ್ಯಾಂಕಿನವರ ಹತ್ರ ಕಾಲಾವಕಾಶ ಕೇಳ್ತೀನಿ."

ಹೋಗುವಾಗ ಪೀಠದ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಒಮ್ಮೆ ತೀಡಿ ಹೋದಳು, ಕೆಳಗಿನ ಮೆಟ್ಟಿಲಿನದ್ದು.

ಮೇ 24, ಶನಿವಾರ

ಪಾಪನಿವೇದನೆಗೆ ಹೋಗಿದ್ದೆ. ಆಲ್ಡಾಳ ಮೇಲೆ ರೇಗಿದ್ದನ್ನು ಹೇಳಿದೆ. ಬುಧವಾರ ಜಪದ ನಡುವೆ ತೂಕಡಿಸಿದ್ದನ್ನು ಹೇಳಿದೆ. ಸೊಸೆಯ ಸೂಪನ್ನು ಹೀಯಾಳಿಸಿದ್ದನ್ನೂ ಹೇಳಿದೆ.

"ಇನ್ನೇನಾದ್ರೂ ಇದೆಯಾ ತಾಯಿ?" ಎಂದರು ಪಾದ್ರಿ. ಹೊಸಬರು, ನನ್ನ ಮಗನಿಗಿಂತ ಚಿಕ್ಕವರು.

"ಇಷ್ಟೇ ಸ್ವಾಮಿ."

"ನಿಮ್ಮಂಥವರು ಬಂದರೆ ನನಗೂ ಕೆಲಸ ಹಗುರ" ಎಂದು ನಕ್ಕು, ಸಣ್ಣ ಪ್ರಾಯಶ್ಚಿತ್ತ ಕೊಟ್ಟರು. ಅವರು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಜಪ ಮಾಡಿದೆ. ಮಂಡಿ ಬಾತುಕೊಂಡಿದೆ.

ಮೇ 25, ಭಾನುವಾರ

ಕಿರೀಟ ಹೋಯಿತು. ನಾನೇ ಎತ್ತಿ ಮುಂದಿನ ವಾರದವರ ಕೈಗೆ ಕೊಟ್ಟೆ. ಎಲ್ಲರೂ ಮೆರವಣಿಗೆಯ ಹಿಂದೆ ಹೊರಗೆ ನಡೆದಾಗ ಒಳಗೆ ಬಂದು ಬಟ್ಟೆ ಎತ್ತಿದೆ. ಲಕೋಟೆಯ ಮೇಲೆ ಬೆಳ್ಳಿ ತಟ್ಟೆಯ ಬುಡ ಕೂತು ದುಂಡಗೆ ಗುರುತು ಬಿದ್ದಿದೆ. ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ.

ಗಿಲ್ ಪೀಠ ಬಿಚ್ಚಿದ. ಕೋಣೆ ಖಾಲಿಯಾಗಿದೆ. ಸೋಫಾ ಒಳಗೆ ತರುವುದು ಬೇಡ, ಇವತ್ತೊಂದು ದಿನ ಹೀಗೇ ಇರಲಿ ಅಂದೆ.

ಮೇ 30, ಶುಕ್ರವಾರ

ಒಡೇಟ್‌ಗೆ ಆ ಮನೆ ಕೈತಪ್ಪಿತು.

ಬ್ಯಾಂಕಿನವರು ಸ್ವಲ್ಪ ದಿನ ಕೊಟ್ಟರು, ಮನೆಯ ಮಾಲೀಕರು ಕಾಯಲಿಲ್ಲ. ಒಡೇಟ್ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಹೇಳಿದಳು. ಅಳಲಿಲ್ಲ. ಲೀಡಿಯ ಪಕ್ಕದ ಕೋಣೆಯಲ್ಲಿ ಟೀವಿಯ ಶಬ್ದ ಜೋರು ಮಾಡಿಕೊಂಡು ಕೂತಿದ್ದಳು. ಆ ಹುಡುಗಿ ಯಾವತ್ತೂ ಟೀವಿ ಜೋರು ಮಾಡುವವಳಲ್ಲ.

"ಯಾರನ್ನ ಬೈಯೋದು ಅತ್ತೆ? ಆಫೀಸಿನವರು ಕಳಿಸಿದೀವಿ ಅಂತಾರೆ. ಅಂಚೇಲೇ ಎಲ್ಲೋ ಹೋಗಿದೆ. ದೂರು ಕೊಟ್ಟು ಬಂದೆ."

"ದೂರು ಯಾರ ಮೇಲೆ?"

"ಈ ಬೀದಿಗೆ ಅಂಚೆ ತರ್ತಾನಲ್ಲ, ಅವನ ಮೇಲೆ. ಇನ್ಯಾರ ಮೇಲೆ ಕೊಡ್ಲಿ?"

ಕಾಫಿ ಮಾಡಿ ಕೊಟ್ಟೆ. ಅವಳು ನನ್ನ ಮುಖ ನೋಡಿ, "ಅಯ್ಯೋ ನೀವ್ಯಾಕೆ ಇಷ್ಟು ಹಚ್ಕೋತೀರಿ? ನೀವೇನು ಮಾಡೋಕಾಗ್ತಿತ್ತು?" ಅಂದಳು.

ನಾನು ಬಯಸಿದ್ದೇ ಆಯಿತು. ಹುಡುಗಿ ಇಲ್ಲೇ ಇರುತ್ತಾಳೆ.

ಮೇ 31, ಶನಿವಾರ

ಏನೂ ತಿನ್ನಲಾಗಲಿಲ್ಲ. ನೆಲ ಉಜ್ಜಿದೆ.

ಜೂನ್ 3, ಮಂಗಳವಾರ

ಬಾಗಿಲು ಬಡಿದ ಸದ್ದು. ಅಂಚೆಯವನು. ಕಿಂಡಿ ಇದ್ದರೂ ಹಾಕದೆ ಹೊರಗೆ ನಿಂತಿದ್ದ. ಗಿಲ್ ಶಾಲೆಗೆ ಹೋಗುತ್ತಿದ್ದಾಗಿನಿಂದ ಇದೇ ಬೀದಿಗೆ ಬರುವವನು. ಒಂದು ಚಳಿಗಾಲದಲ್ಲಿ ನಾನು ಹಿಮದ ಮೇಲೆ ಜಾರಿ ಬಿದ್ದಾಗ ಚೀಲ ಎಸೆದು ಬಂದು ಎತ್ತಿದ್ದ.

"ಅಮ್ಮಾ, ಇದನ್ನ ನಿಮ್ಮ ಕೈಗೇ ಕೊಡ್ತಿದೀನಿ. ನೋಡ್ಕೊಳ್ಳಿ, ಕೊಟ್ಟೆ. ನಿಮ್ಮನೆ ಕಾಗದ ಕಳೆದೆ ಅಂತ ನನ್ನ ಮೇಲೆ ದೂರು ಬಂದಿದೆ. ನಾನು ಕಳೆಯೋನಾ, ನೀವೇ ಹೇಳಿ?"

"ಇಲ್ಲಪ್ಪ."

"ನಾಳೆ ನಮ್ಮ ಮೇಲಧಿಕಾರಿ ಕರೆದಿದಾರೆ. ಯಾರಾದ್ರೂ ಕೇಳಿದರೆ ಈ ಮಾತು ಹೇಳ್ತೀರಾ?"

"ಹೇಳ್ತೀನಿ."

ಈಗ ಮೇಜಿನ ಮೇಲೆ ಎರಡಿವೆ. ಒಂದೇ ಥರದ ಲಕೋಟೆ, ಅದೇ ಇಬ್ಬರ ಹೆಸರು. ಎರಡನೆಯದನ್ನು ಕೊಟ್ಟರೆ ಎಲ್ಲ ಮುಗಿಯಿತು. ಮೊದಲನೆಯದನ್ನು ಒಲೆಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಒಡೇಟ್ ಬೇರೆ ಮನೆ ನೋಡಿಕೊಳ್ಳುತ್ತಾಳೆ. ನನ್ನ ಹೆಸರು ಇದ್ದ ಹಾಗೇ ಇರುತ್ತದೆ. ಈ ಬೀದಿಯಲ್ಲಿ ಹೆರ್ಮೀನಿಯಾ ಬೆಟನ್‌ಕೋರ್ಟ್ ಸುಳ್ಳು ಹೇಳಿದಳು ಎಂದು ಇವತ್ತಿನವರೆಗೆ ಒಂದು ನರಪಿಳ್ಳೆಯೂ ಅಂದಿಲ್ಲ.

ಗ್ಯಾಸು ಹಚ್ಚಿದೆ. ಮತ್ತೆ ಆರಿಸಿದೆ. ಅಂಚೆಯವನ ಮುಖವೇ ಎದುರಿಗೆ ಬರುತ್ತಿದೆ.

ಜೂನ್ 4, ಬುಧವಾರ

ಅವಳಿರುವುದು ಬಟ್ಟೆ ಒಗೆಯುವ ಅಂಗಡಿಯ ಮೇಲೆ. ಇಷ್ಟು ದಿನದಲ್ಲಿ ನಾನು ಆ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಅಂಗಡಿಯ ಸೋಪಿನ ವಾಸನೆ ಮೇಲಿನ ತನಕ ಬರುತ್ತದೆ. ಮನೆ ಚೊಕ್ಕಟವಾಗಿ ಇಟ್ಟುಕೊಂಡಿದ್ದಾಳೆ.

ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. ಚೀಲದಿಂದ ತೆಗೆದು ಎರಡನ್ನೂ ಒಟ್ಟಿಗೆ ಕೊಟ್ಟೆ.

"ಬಂತಾ! ದೇವರೇ" ಎಂದವಳು ಒಂದರಿಂದ ಒಂದನ್ನು ಬೇರ್ಪಡಿಸಿ ನೋಡಿ ನಿಂತುಬಿಟ್ಟಳು. "ಎರಡಾ?"

"ಎರಡು."

ಮೊದಲನೆಯದರ ಮೇಲಿನ ದುಂಡು ಗುರುತಿನ ಸುತ್ತ ನಿಧಾನವಾಗಿ ಬೆರಳಾಡಿಸಿದಳು. ಆ ತಟ್ಟೆಯನ್ನು ಅವಳು ಹಬ್ಬಕ್ಕೆ ಎಷ್ಟೋ ಸಲ ಉಜ್ಜಿ ಬೆಳಗಿಸಿದ್ದಾಳೆ.

"ಲೀಡಿಯ, ನಿನ್ನ ಕೋಣೆಗೆ ಹೋಗು."

"ಯಾಕಮ್ಮ? ಅಜ್ಜಿ ಈಗಷ್ಟೇ ಬಂದ್ರಲ್ಲ..."

"ಹೋಗು ಅಂದೆ."

ಬಾಗಿಲು ಹಾಕಿಕೊಂಡ ಸದ್ದಾಯಿತು.

"ಕಿರೀಟದ ಮುಂದೆ ಕೇಳಿದ್ದೆ ನಾನು" ಅಂದಳು.

"ಹೌದು, ನೀನು ಕೇಳಿದ್ದೆ."

"ಇದು ಅದರ ಕೆಳಗೇ ಇತ್ತು."

"ಇತ್ತು."

"ನಿಮ್ಮ ಕೈ ಹಿಡ್ಕೊಂಡು ಕ್ಷಮೆ ಕೇಳ್ದೆ ಅತ್ತೆ ನಾನು. ಆ ಪಾಪದ ಮನುಷ್ಯನ ಮೇಲೆ ದೂರು ಬರ್ಕೊಟ್ಟೆ. ನನ್ನ ಮಗಳು ಆ ಚೆರ್ರಿ ಮರಕ್ಕೆ ಹೆಸರಿಟ್ಟಿದ್ದಳು, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ.

"ಹುಡುಗೀನ ಅಷ್ಟು ದೂರ ಕರ್ಕೊಂಡು ಹೋಗ್ತೀಯಲ್ಲ ಅಂತ..." ಅಂದೆ.

"ದೂರ ಅಲ್ಲ ಅತ್ತೆ, ಬ್ರಾಕ್ಟನ್! ಸಮುದ್ರ ದಾಟಿ ಬಂದೋರು ನೀವು." ಅವಳು ಬಾಗಿಲು ತೆರೆದು ಹಿಡಿದಳು. "ಹೋಗಿ ಅತ್ತೆ. ಇವತ್ತು ಹೋಗ್ಬಿಡಿ."

ಅಷ್ಟಾದರೂ ಅತ್ತೆ ಅಂದಳು. ಬೈದಿದ್ದರೆ ನಡೆದು ಬರುವುದು ಸುಲಭವಿತ್ತು.

ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ ಹೋದೆ. ಕಾಗದ ಕಳೆದಿಲ್ಲ, ನನ್ನ ಹತ್ತಿರ ಇತ್ತು, ಆ ಮನುಷ್ಯನದೇನೂ ತಪ್ಪಿಲ್ಲ ಎಂದು ಕಿಟಕಿಯಲ್ಲಿ ಹೇಳಿದೆ. ನನ್ನ ಹಿಂದೆ ಸಾಲಿನಲ್ಲಿ ಆಲ್ಡಾಳ ನಾದಿನಿ ನಿಂತಿದ್ದಳು. ನೋಡಿದ್ದೆ. ಆದರೂ ಗಟ್ಟಿಯಾಗಿಯೇ ಹೇಳಿದೆ, ಕಿಟಕಿಯ ಹುಡುಗಿಗೆ ಕಿವಿ ಮಂದ.

ಜೂನ್ 8, ಪೆಂತೆಕೋಸ್ತ ಭಾನುವಾರ

ಮೆರವಣಿಗೆ. ಲೀಡಿಯ ಬಿಳಿ ಉಡುಪಿನಲ್ಲಿ ನನ್ನ ಮುಂದೆಯೇ ಹಾದುಹೋದಳು. ಕೈ ಬೀಸಲು ಎತ್ತಿ, ಅಮ್ಮನ ಕಡೆ ನೋಡಿ ಇಳಿಸಿದಳು. ಬುಧವಾರದಿಂದ ಮನೆಗೆ ಬಂದಿಲ್ಲ.

ಸಭಾಂಗಣದಲ್ಲಿ ಎಲ್ಲರಿಗೂ ಮಾಂಸದ ಸಾರು, ಬ್ರೆಡ್ಡು. ನನ್ನ ಎರಡೂ ಕಡೆಯ ಕುರ್ಚಿಗಳು ಖಾಲಿ ಇದ್ದವು. ಕೊನೆಗೆ ಆಲ್ಡಾ ತಟ್ಟೆ ಹಿಡಿದುಕೊಂಡು ಬಂದು ದೊಪ್ಪೆಂದು ಕೂತಳು.

"ಅಂತೂ ವಾಲಿದ್ದು ನನ್ನ ಕಣ್ಣಲ್ಲ."

"ಅಲ್ಲ."

"ತಿನ್ನು. ಆರೋಗತ್ತೆ."

ಜೂನ್ 17, ಮಂಗಳವಾರ

ಗಿಲ್ ಕೈಯಲ್ಲಿ ಬಾಗಿಲ ಕಿಂಡಿಗೆ ಹಲಗೆ ಹೊಡೆಸಿದೆ. ಜಗಲಿಯ ಗೋಡೆಗೆ ಮೂರು ಪೆಟ್ಟಿಗೆ ಹಾಕಿಸಿದೆ, ಒಂದೊಂದಕ್ಕೂ ಬೇರೆ ಬೀಗ. ಅವನು ಮೊಳೆ ಬಾಯಲ್ಲಿಟ್ಟುಕೊಂಡೇ ಕೇಳಿದ:

"ಅಮ್ಮಾ, ನನ್ನ ಪೆಟ್ಟಿಗೆ ಬೀಗದ ಕೈ ನಿನ್ನ ಹತ್ರ ಒಂದು ಇರ್ಲಾ?"

"ನಿನ್ನ ಕಾಗದ ನೀನು ತಗೊಳ್ಳೋಕೆ ಆಗಲ್ವಾ? ನಲವತ್ತು ದಾಟ್ತು."

ಬಾಗಿಲು ತಂಗಾಳಿಗೆ ಸೀಟಿ ಹೊಡೆಯುತ್ತಿತ್ತು, ಅದು ನಿಂತಿತು.

ಜುಲೈ 12, ಶನಿವಾರ

ಒಡೇಟ್ ಬೀದಿಯಲ್ಲಿ ಹಾರ್ನ್ ಹೊಡೆದಳು. ಲೀಡಿಯ ಇಳಿದು ಬಂದಳು. ಒಂದು ಗಂಟೆ ಇದ್ದಳು. ಇನ್ನೊಂದು ಮನೆ ಸಿಕ್ಕಿದೆಯಂತೆ, ಬ್ರಾಕ್ಟನ್‌ನಲ್ಲೇ, ಚಿಕ್ಕದು. ಮರ ಇಲ್ಲ. ನಾನು ಮರದ ವಿಷಯ ಕೇಳಲಿಲ್ಲ, ಅವಳೇ ಹೇಳಿದಳು.

ಆಗಸ್ಟ್ 30, ಶನಿವಾರ

ಹೋದರು. ಗಿಲ್ ಸಾಮಾನು ಹೊರಲು ಹೋಗಿದ್ದ. ಒಂದು ಚೀಟಿಯಲ್ಲಿ ವಿಳಾಸ ಬರೆಸಿಕೊಂಡು ಬಂದಿದ್ದಾನೆ, ಒಡೇಟ್‌ಳ ಅಕ್ಷರ. ನಾನು ಕೇಳಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಶುಕ್ರವಾರ ನನ್ನ ಪೆಟ್ಟಿಗೆಯಲ್ಲಿ ಸೊಸೆಯ ಹೆಸರಿಗೆ ಒಂದು ಕಾಗದ ಬಂದಿತ್ತು. ಅಂಚೆಯವನು ಪೆಟ್ಟಿಗೆ ತಪ್ಪಿ ಹಾಕಿದ್ದ. ಇವತ್ತು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಕಾರು ತೆಗೆದೆ.

ಹೆದ್ದಾರಿಗೆ ಸೇರುವ ಜಾಗದಲ್ಲಿ ನಿಲ್ಲಿಸಿಬಿಟ್ಟೆ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಒಬ್ಬ ಪಕ್ಕದಲ್ಲಿ ಹಾದುಹೋಗುತ್ತ ಬೆರಳು ತೋರಿಸಿದ. ಬಲಗಡೆಯ ಅಂಚಿನಲ್ಲೇ ಹೋದೆ, ಲಾರಿಗಳು ಕೂಡ ನನ್ನನ್ನು ದಾಟಿ ಹೋದವು. ಬ್ರಾಕ್ಟನ್ ತಲುಪುವಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಬಾಗಿಲು ತೆರೆದ ಒಡೇಟ್ ಮೊದಲು ನನ್ನನ್ನು, ಆಮೇಲೆ ಬೀದಿಯಲ್ಲಿದ್ದ ಕಾರನ್ನು, ಆಮೇಲೆ ಮತ್ತೆ ನನ್ನನ್ನು ನೋಡಿದಳು.

"ಗಿಲ್ ಎಲ್ಲಿ?"

"ಮನೇಲಿದಾನೆ."

"ಮತ್ತೆ ನೀವು... ಒಬ್ಬರೇ?"

ಕಾಗದ ಚಾಚಿದೆ. ಅವಳು ತಿರುಗಿಸಿ ನೋಡಿದಳು.

"ಅತ್ತೆ, ಇದು ಸೋಫಾ ಮಾರೋರ ಜಾಹೀರಾತು."

"ನಿನ್ನ ಹೆಸರಿದೆ."

ಒಳಗಿನಿಂದ ಲೀಡಿಯ "ಯಾರಮ್ಮಾ?" ಎಂದು ಕೂಗುತ್ತಿದ್ದಳು.

"ಬನ್ನಿ" ಅಂದಳು. "ಊಟಕ್ಕೆ ಕೂತಿದ್ವಿ."

ಕೇಲ್ ಸೊಪ್ಪಿನ ಸೂಪು. ಉಪ್ಪು ಕಡಿಮೆಯಿತ್ತು. ಎರಡು ಬಟ್ಟಲು ಕುಡಿದೆ.